ಹಲ್ಲು ನೋಡದೆ ಕೊಂಡದ್ದು

ಮುಕ್ಕುಂದ
2 ಜೂನ್ 2024

ಮಮತಾ,

ನಿನ್ನ ಪತ್ರ ಬಂತು. ತಾತನಿಗೆ ಫೋನಿನಲ್ಲಿ ಕೇಳುವುದಿಲ್ಲ ಎಂದು ತಿಳಿದು ಪತ್ರ ಹಾಕುತ್ತೀ, ಅಷ್ಟು ಬುದ್ಧಿ ನಿನಗಿದೆ. ನಿಮ್ಮಪ್ಪ ಕನಕರಾಜನಿಗೆ ಅದೂ ಇಲ್ಲ. ಕುರಿ ಹೊಡೆದುಕೊಂಡು ಹೊಳೆಯಾಚೆ ಹೋದವನು ಅಲ್ಲಿ ನಿಂತು ಫೋನಿನಲ್ಲಿ ಕಿರುಚುತ್ತಾನೆ. ನನಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಕಡೆಗೆ ಇಬ್ಬರೂ ಸಿಟ್ಟಾಗಿ ಇಟ್ಟುಬಿಡುತ್ತೇವೆ.

ನಾನು ಕ್ಷೇಮ, ನೀನು ಕ್ಷೇಮವೇ ಎಂದೆಲ್ಲ ಬರೆಯುವುದು ನನಗೆ ಬರುವುದಿಲ್ಲ. ಸತ್ತವರು ಪತ್ರ ಬರೆಯುವುದಿಲ್ಲ, ಅಷ್ಟರಲ್ಲೇ ತಿಳಿದುಕೊ. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರನ ಸಂಗಡ ಜಗಳವಾಡಿ ಸಾಲಿ ಬಿಟ್ಟವನು. ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಲಿಂಗಸುಗೂರಿನ ಆ ಇಂಜಿನಿಯರನ ಆಫೀಸು ಬಿಡುತ್ತೇನೆ ಎಂದಿದ್ದೀ. ನಕ್ಷೆ ಬರೆಯುವವಳು ನೀನು, ಕೆಳಗೆ ಹೆಸರು ಅವನದು. ಬಿಡಬೇಕಾದದ್ದೇ. ಮಸ್ಕಿ ತಾಲೂಕಾದ ಮೇಲೆ ಅಲ್ಲಿ ಕಂಡಕಂಡವರೆಲ್ಲ ಮನೆ ಕಟ್ಟುತ್ತಿದ್ದಾರೆ, ನಿನ್ನ ಗೆಳತಿ ಜಯಶ್ರೀ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ನೋಡಿದ್ದಾಳೆ, ಇಬ್ಬರೂ ಕೂಡಿ ನಕ್ಷೆ ಬರೆಯುವ ಟೇಬಲ್ಲು ಹಾಕುತ್ತೀರಿ. ಇದೂ ಬರೋಬರಿ. 'ನಾನು ಬರೆದ ಮನೆಯ ಕೆಳಗೆ ನನ್ನ ಹೆಸರು ಇರಬೇಕು ತಾತ' ಎಂದು ಬರೆದಿದ್ದೀಯಲ್ಲ, ಅದನ್ನು ನಿಮ್ಮಜ್ಜಿ ಆದೆಮ್ಮನಿಗೆ ಓದಿ ಹೇಳಿದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅವಳಿಗೆ ಎಲ್ಲದಕ್ಕೂ ಅಳು.

ಅದಕ್ಕೆ ಬೇಕಾದ ಲ್ಯಾಪ್‌ಟಾಪ್ ನಾನು ಕೊಡಿಸುತ್ತೇನೆ. ಭಾನುವಾರ ಬರುತ್ತೇನೆ, ಸಿಂಧನೂರಿನಲ್ಲಿ ಕೂಡಿ ನೋಡೋಣ ಎಂದಿದ್ದೀ. ಏನೂ ಬೇಕಾಗಿಲ್ಲ. ಕುರಿಸಂತೆಯಲ್ಲಿ ದಲಾಲಿ ಮಾಡುತ್ತ ಕೂದಲು ಹಣ್ಣಾಗಿದೆ ನನಗೆ. ಯಾವನೂ ನನ್ನ ಕೈಗೆ ಕೆಟ್ಟ ಮಾಲು ದಾಟಿಸಿಲ್ಲ. ಎಂಥದು ಬೇಕು ಅಷ್ಟನ್ನು ಬರೆ, ಸಾಕು.

ನಿನ್ನ ತಾತ
ಮೈಲಾರಲಿಂಗಪ್ಪ


ಲಿಂಗಸುಗೂರು
8 ಜೂನ್ 2024

ತಾತ,

ನಿನಗೂ ಅಜ್ಜಿಗೂ ಕಾಲು ಮುಟ್ಟಿ ನಮಸ್ಕಾರ.

ನಾನೇ ಬಂದು ನೋಡಿದರೆ ಚೆನ್ನಾಗಿತ್ತು. ಬೇಡ ಎಂದಿದ್ದೀ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ದಯಮಾಡಿ ಪೂರ್ತಿ ಓದು.

ಲ್ಯಾಪ್‌ಟಾಪಿನ ಒಳಗೆ ಪ್ರೊಸೆಸರ್ ಅಂತ ಒಂದು ಚಿಪ್ ಇರುತ್ತದೆ. ಎಲ್ಲ ಲೆಕ್ಕ ಮಾಡುವುದು ಅದೇ. ಉಳಿದ ಕೆಲವು ಭಾಗ ಸಣ್ಣದಾದರೆ ಆಮೇಲೆ ದೊಡ್ಡದು ಹಾಕಿಸಬಹುದು. ಪ್ರೊಸೆಸರ್ ಮಾತ್ರ ಬದಲಿಸಲು ಆಗುವುದಿಲ್ಲ, ತಂದದ್ದರ ಜೊತೆಗೇ ಬಾಳಬೇಕು. ಅದರ ಮೇಲೆ ಐ-ತ್ರೀ, ಐ-ಫೈವ್, ಐ-ಸೆವೆನ್ ಅಂತ ಬರೆದಿರುತ್ತದೆ. ಜನ ಅದೊಂದನ್ನೇ ನೋಡಿ ಮೋಸ ಹೋಗುತ್ತಾರೆ. ಅದರ ಮುಂದೆ ಒಂದು ಸಣ್ಣ ಗೆರೆ ಎಳೆದು ಇನ್ನೊಂದು ಸಂಖ್ಯೆ ಇರುತ್ತದೆ. ಅದು ಹನ್ನೆರಡರಿಂದ ಶುರುವಾದರೆ ಹನ್ನೆರಡನೇ ಜನರೇಶನ್, ಹೊಸದು. ನಾಲ್ಕರಿಂದಲೋ ಐದರಿಂದಲೋ ಶುರುವಾದರೆ ಹತ್ತು ವರ್ಷದ ಹಿಂದಿನದು.

ನಮ್ಮ ಕೈಗೆಟುಕುವುದರಲ್ಲಿ ನನಗೆ ಸಾಕಾಗುವುದು ಐ-ತ್ರೀ, ಹನ್ನೆರಡನೇ ಜನರೇಶನ್. ಈ ಪತ್ರವನ್ನೇ ಅಂಗಡಿಯವರಿಗೆ ತೋರಿಸು, ಅವರಿಗೆ ತಿಳಿಯುತ್ತದೆ.

ಇಷ್ಟು ಯಾಕೆ ಹೇಳುತ್ತೇನೆಂದರೆ, ಬರೇ ಗೆರೆಯ ನಕ್ಷೆಗೆ ಯಾವ ಯಂತ್ರವಾದರೂ ನಡೆಯುತ್ತದೆ. ಈಗ ಜನ ಗೆರೆ ನೋಡಿ ಒಪ್ಪುವುದಿಲ್ಲ. ಕಟ್ಟುವ ಮೊದಲೇ ಮನೆ ಎದುರಿಗೆ ನಿಂತ ಹಾಗೆ ಬಣ್ಣದ ಚಿತ್ರ ಬೇಕು, ಬಾಗಿಲ ಮೇಲೆ ಬಿದ್ದ ಬಿಸಿಲೂ ಕಾಣಬೇಕು. ಆ ಚಿತ್ರ ತೆಗೆಯಲು ಪ್ರೊಸೆಸರಿಗೆ ದಮ್ಮು ಇರಬೇಕು. ನಮ್ಮ ಮೊದಲನೇ ಗಿರಾಕಿ ಮಸ್ಕಿಯ ಕಿರಾಣಿ ವ್ಯಾಪಾರಿ ಅಮರಗುಂಡಪ್ಪ ಅಂತ. ಶ್ರಾವಣದಲ್ಲಿ ಗುದ್ದಲಿಪೂಜೆ ಇಟ್ಟುಕೊಂಡಿದ್ದಾರೆ. ಅದರೊಳಗೆ ಮನೆಯ ಚಿತ್ರ ತೋರಿಸಿ ಒಪ್ಪಿಸಿದರೆ ಕೆಲಸ ನಮ್ಮದು, ಟೇಬಲ್ಲು ನಿಲ್ಲುತ್ತದೆ. ಇಲ್ಲದಿದ್ದರೆ ಇಲ್ಲ. ಅವರ ಮಾತು ನಂಬಿಯೇ ನಾನು ಇಲ್ಲಿಯ ಕೆಲಸ ಬಿಡುತ್ತಿರುವುದು.

ಅವಸರ ಮಾಡಬೇಡ ತಾತ. ಅಂಗಡಿಯಲ್ಲಿ ಇಲ್ಲ ಅಂದರೆ ತರಿಸಿಕೊಡಲು ಹೇಳು.

ನಿನ್ನ ಮೊಮ್ಮಗಳು
ಮಮತಾ


ಮುಕ್ಕುಂದ
17 ಜೂನ್ 2024

ಮಮತಾ,

ಮಾಲು ಕೊಂಡೆ. ಗೆದ್ದು ಬಂದೆ ಎಂದೇ ತಿಳಿ.

ಸಿಂಧನೂರಿನಲ್ಲಿ ಬಸ್ಸಿಳಿದು ದುಕಾನಿಗೆ ಹೋದೆ. ನಿನ್ನ ಪತ್ರ ಒಳಜೇಬಿನಲ್ಲಿತ್ತು, ಹೊರಗೆ ತೆಗೆಯಲಿಲ್ಲ. ಯಾಕೆ ಕೇಳು. ಸಂತೆಯಲ್ಲಿ ನಮಗೆ ಬೇಕಾದ ಟಗರಿನ ಮುಖ ನೋಡಬಾರದು. ನೋಡಿದೆವೋ, ಮಾರುವವನು ಏರಿಸಿ ಕೂರುತ್ತಾನೆ. ಬೇಡವಾದದ್ದರ ಬೆನ್ನು ತಡವಬೇಕು, ಅದನ್ನೇ ಹೊಗಳಬೇಕು, ಎದ್ದು ಹೊರಡುವಾಗ ಬೇಕಾದದ್ದನ್ನು ಹೀಗೆ ಕಾಲಲ್ಲಿ ತೋರಿಸಿ 'ಇದೇನು, ಇದನ್ನೂ ಕೊಡ್ತಿಯೇನು' ಅನ್ನಬೇಕು. ನಮ್ಮಪ್ಪ ಕಲಿಸಿದ್ದು.

"ಏನ್ ಬೇಕಿತ್ರೀ ಯಜಮಾನ್ರ?" ಅಂದ ದುಕಾನದವನು.

"ನೋಡಾಕ ಬಂದೀನಿ. ಬೇಕು ಅಂತ ಯಾರ್ ಅಂದ್ರು?"

"ನೋಡ್ರಿ, ನೋಡಾಕ ರೊಕ್ಕ ಇಲ್ಲ. ಕುಂದರ್ರಿ."

ಎರಡು ತಂದು ಮುಂದಿಟ್ಟ. ಒಂದು ನೀನು ಬರೆದದ್ದೇ, ಮೂರು. ಹಪ್ಪಳದಂತೆ ತೆಳ್ಳಗಿತ್ತು, ಎತ್ತಿದರೆ ಕೈಗೆ ಹತ್ತಲಿಲ್ಲ. ಇನ್ನೊಂದು ಏಳು. ದಪ್ಪ ಮೈ, ಗಟ್ಟಿ ಎಲುಬು, ಒಳ್ಳೆ ತೂಕ. ಪದ್ಧತಿಯಂತೆ ಬೇಡವಾದ ಏಳನ್ನೇ ತಡವಿದೆ.

"ಇದು ಯಾವ ಹಿಂಡಿನ ಮಾಲು?"

"ಹೈದರಾಬಾದಿನ ದೊಡ್ಡ ಆಫೀಸಿನ್ಯಾಗ ದುಡಿದದ್ದು ಯಜಮಾನ್ರ. ಸ್ವಚ್ಛ ಮಾಡಿಸಿ ತಂದೀವಿ. ಯಾರಿಗೆ ಬೇಕ್ರಿ?"

"ಮೊಮ್ಮಗಳಿಗೆ. ಮನಿ ನಕ್ಷಾ ಬರಿತಾಳ."

"ಹಂಗಾದ್ರ ಇದು ಬ್ಯಾಡ್ರಿ, ಆ ತ್ರೀ ಒಯ್ಯಿರಿ. ಹೊಸಾದು ಐತಿ. ನಕ್ಷಾಕ್ಕ ಅದ ಬರೋಬರಿ."

ಅಲ್ಲಿ ಹಿಡಿದೆ ನಾನು ಅವನನ್ನು. ಮಾರುವವನು ಕೇಳದೆ ಒಂದು ಮಾಲಿನ ಕಡೆ ದೂಡುತ್ತಾನೆ ಅಂದರೆ ಆ ಮಾಲಿನಲ್ಲಿ ಖೋಟು ಇದೆ, ಇಲ್ಲ ಇನ್ನೊಂದನ್ನು ದೊಡ್ಡ ಗಿರಾಕಿಗೆ ಮುಚ್ಚಿಟ್ಟಿದ್ದಾನೆ. ಇಡೀ ಆಯುಷ್ಯದಲ್ಲಿ ಇದು ಸುಳ್ಳಾದದ್ದು ನೋಡಿಲ್ಲ. ನನ್ನ ಕೈ ಏಳರ ಮೇಲೇ ಇತ್ತು. ತಡವುತ್ತ ತಡವುತ್ತ ಅದರ ಮೇಲೆ ಮನಸ್ಸು ಕೂತಿತು. ಮೂರಕ್ಕಿಂತ ಏಳು ದೊಡ್ಡದು ಎನ್ನುವುದಕ್ಕೆ ಕಾಲೇಜು ಓದಬೇಕಾಗಿಲ್ಲ. ನೀನು ತಾತನಿಗೆ ಭಾರವಾಗಬಾರದೆಂದು ಸಣ್ಣದನ್ನು ಬರೆದಿದ್ದೀ, ನನಗೆ ತಿಳಿಯುವುದಿಲ್ಲವೇ? ಸಣ್ಣವಳಿದ್ದಾಗಲೂ ನೀನು ಅಂಗಡಿಯಲ್ಲಿ ಸಣ್ಣ ಗೊಂಬೆಯ ಕಡೆಗೇ ಬೆರಳು ಮಾಡುತ್ತಿದ್ದೆ.

ಟವೆಲ್ಲು ಬಿಚ್ಚಿ "ಕೈ ಕೊಡು" ಅಂದೆ.

"ಇದೇನ್ರೀ? ಇಲ್ಲಿ ಬಿಲ್ ಹರಿತೀವಿ ನಾವು."

"ಬಿಲ್ಲು ಆಮ್ಯಾಲ. ಮೊದಲು ಬೆರಳು."

ದುಕಾನಿನಲ್ಲಿದ್ದವರೆಲ್ಲ ನಕ್ಕರು. ನಗಲಿ. ಸಂತೆಯಲ್ಲಿ ದರ ಕುದುರಿಸುವಂತೆ ಟವೆಲ್ಲಿನ ಕೆಳಗೆ ಅವನ ಬೆರಳು ಹಿಡಿದು ನನ್ನ ದರಕ್ಕೇ ಇಳಿಸಿದೆ. ಪಾಪ, ಅವನಿಗೆ ಯಾವ ಬೆರಳಿಗೆ ಏನು ಎಂಬುದೂ ಗೊತ್ತಿರಲಿಲ್ಲ.

ನಮ್ಮ ಓಣಿಯ ಬಸ್ಸಪ್ಪ ಲಿಂಗಸುಗೂರಿಗೆ ಬೀಗರ ಮನೆಗೆ ಹೊರಟಿದ್ದಾನೆ. ಅವನ ಕೈಲಿ ಕಳಿಸಿದ್ದೇನೆ. ಬಸ್ಸಿನಲ್ಲಿ ಮೇಲೆ ಇಟ್ಟರೆ ನೋಡು, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡೇ ಹೋಗು ಎಂದು ಹೇಳಿದ್ದೇನೆ. ಮುಟ್ಟಿದ ಕೂಡಲೇ ಬರೆ.

ತಾತ
ಮೈಲಾರಲಿಂಗಪ್ಪ


ಲಿಂಗಸುಗೂರು
30 ಜೂನ್ 2024

ತಾತ,

ಬಸ್ಸಪ್ಪ ಮಾವ ಲ್ಯಾಪ್‌ಟಾಪ್ ತಂದುಕೊಟ್ಟ. ಖರೇನೇ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ, ಕಾಲು ಜೋಮು ಹಿಡಿದಿತ್ತು.

ಚೆನ್ನಾಗಿದೆ ತಾತ.

ಇವತ್ತಿಗೆ ಇಲ್ಲಿಯ ಆಫೀಸಿನ ಕೆಲಸ ಮುಗಿಯಿತು. ನಾಳೆ ಮಸ್ಕಿಗೆ ಹೋಗುತ್ತೇನೆ. ಅಜ್ಜಿಗೆ ಹೇಳು.

ಮಮತಾ


ಮುಕ್ಕುಂದ
11 ಆಗಸ್ಟ್ 2024

ಮಮತಾ,

ನಿನ್ನ ಪತ್ರ ಪಂಚಾಯಿತಿ ನೋಟಿಸಿನಷ್ಟು ಇತ್ತು. ಚೆನ್ನಾಗಿದೆ ಅಂದರೆ ಏನು ಚೆನ್ನಾಗಿದೆ? ಹೆಂಗೆ ಓಡುತ್ತದೆ? ಆ ಬಣ್ಣದ ಚಿತ್ರ ಬಂತೋ? ಅಮರಗುಂಡಪ್ಪ ಏನಂದ? ಇಷ್ಟು ಓದಿದವಳಿಗೆ ನಾಲ್ಕು ಸಾಲು ಬರೆಯಲು ಬರುವುದಿಲ್ಲವೇ?

ಪಂಚಮಿಗೂ ಬರಲಿಲ್ಲ. ನಿಮ್ಮಜ್ಜಿ ಶೇಂಗಾ ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟು ಬಾಗಿಲು ನೋಡುತ್ತ ಕೂತಳು. ಬಸ್ಸು ಬಂದಾಗಲೊಮ್ಮೆ ಎದ್ದಳು. ನನಗೆ ಸಿಟ್ಟು ಬಂದು, "ಅಕಿಗೆ ಕೆಲಸ ಐತಿ, ನಿನ್ನಂಗ ಬೇಕಾರ್ ಕುಂತಾಳೇನು?" ಎಂದು ಬೈದೆ. ಬೈದ ಮೇಲೆ ನಾನೂ ಒಮ್ಮೆ ಬಸ್ಸಿನ ಕಡೆ ನೋಡಿದೆ, ಅದು ಬೇರೆ ಮಾತು.

ಸಂತೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನನ್ನ ಮೊಮ್ಮಗಳ ಹತ್ತಿರ ಏಳು ನಂಬರಿನದು ಇದೆ, ಬೇಕಾದರೆ ನಿಮ್ಮ ಮನೆ ನಕ್ಷೆ ಅವಳ ಹತ್ತಿರವೇ ಬರೆಸಿರಿ ಎಂದು. ವಳಕಮದಿನ್ನಿಯ ಒಬ್ಬ ಗೌಡ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಬೇಕು, ನೀನೇ ಬಂದು ಆರಿಸು ಮೈಲಾರಲಿಂಗಪ್ಪ ಎಂದು ಕರೆದಿದ್ದಾನೆ. ನೋಡಿದೆಯಾ?

ಅಮರಗುಂಡಪ್ಪನ ಮನೆಯ ಚಿತ್ರ ಕಾಗದದ ಮೇಲೆ ತೆಗೆಸಿ ಕಳಿಸು. ಕೆಳಗೆ ನಿನ್ನ ಹೆಸರು ಕಾಣುವಂತಿರಲಿ. ಗೋಡೆಗೆ ಅಂಟಿಸುತ್ತೇನೆ.

ತಾತ
ಮೈಲಾರಲಿಂಗಪ್ಪ


ಲಿಂಗಸುಗೂರು
1 ಸೆಪ್ಟೆಂಬರ್ 2024

ತಾತ,

ಸಿಟ್ಟಾಗಬೇಡ. ಕೆಲಸದಲ್ಲಿ ಪತ್ರ ಬರೆಯಲು ಆಗಲಿಲ್ಲ. ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದೆ.

ಅಮರಗುಂಡಪ್ಪನವರ ಗುದ್ದಲಿಪೂಜೆ ಚೆನ್ನಾಗಿ ಆಯಿತಂತೆ. ಚಿತ್ರ ಆಮೇಲೆ ಕಳಿಸುತ್ತೇನೆ.

ಪತ್ರವನ್ನು ಲಿಂಗಸುಗೂರಿನ ನನ್ನ ಹಳೇ ರೂಮಿಗೇ ಬರೆ. ಮಸ್ಕಿಯ ಅಂಚೆಯವರಿಗೆ ನಮ್ಮ ಟೇಬಲ್ಲು ಇನ್ನೂ ಗುರುತಿಲ್ಲ. ಇಷ್ಟರಲ್ಲಿ ಬರಬೇಡ ತಾತ, ಬಿಸಿಲು ಬಹಳ ಇದೆ, ನಾನೇ ಬರುತ್ತೇನೆ.

ವಳಕಮದಿನ್ನಿಯ ಗೌಡರಿಗೆ ಮಾತ್ರ ಒಂದು ಮಾತು ಹೇಳು. ಮಗನನ್ನೂ ಅಂಗಡಿಗೆ ಕರೆದುಕೊಂಡು ಹೋಗಲಿ.

ಮಮತಾ


ಮುಕ್ಕುಂದ
20 ಅಕ್ಟೋಬರ್ 2024

ಮಮತಾ,

ಟಗರು ನೋಡಲು ಮಸ್ಕಿಯ ಕಡೆ ಹೋಗಿದ್ದೆ. ಸಂಜೆಗೆ ತಿರುಗಿ ಬಂದೆ.

ನಿನ್ನ ಲ್ಯಾಪ್‌ಟಾಪ್ ಹೆಂಗಿದೆ? ಖರೆ ಬರೆ. ಏನಿದ್ದರೂ ಬರೆ. ನಾನು ಏನೂ ಅನ್ನುವುದಿಲ್ಲ.

ತಾತ


ಲಿಂಗಸುಗೂರು
28 ಅಕ್ಟೋಬರ್ 2024

ತಾತ,

ಯಾಕೆ ಹಾಗೆ ಕೇಳಿದೆ? ಲ್ಯಾಪ್‌ಟಾಪ್ ಚೆನ್ನಾಗಿದೆ. ಈಗಲೂ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತ ಈ ಪತ್ರ ಬರೆಯುತ್ತಿದ್ದೇನೆ. ಏನೂ ತೊಂದರೆಯಿಲ್ಲ. ಒಳ್ಳೆಯದನ್ನೇ ಆರಿಸಿದ್ದೀ.

ಬಿಸಿಲಲ್ಲಿ ಬಹಳ ತಿರುಗಬೇಡ. ಅಜ್ಜಿ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಾಳೆಯೇ?

ಮಮತಾ


ಮುಕ್ಕುಂದ
5 ನವೆಂಬರ್ 2024

ಮಮತಾ,

ನಿನ್ನ ಪತ್ರ ನಮ್ಮ ಮನೆಗೆ ಬಂದಾಗ ಆ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿತ್ತು.

ಮಸ್ಕಿಗೆ ಹೋದ ದಿನ ನಿಮ್ಮ ಖೋಲಿ ಹುಡುಕಿಕೊಂಡು ಹೋಗಿದ್ದೆ. ನಿನಗೆ ಹೇಳದೆ ಬಂದು ಬೆರಗುಗೊಳಿಸಬೇಕೆಂದು ಉಂಡಿಯ ಡಬ್ಬಿ ಹಿಡಿದಿದ್ದೆ. ಜಯಶ್ರೀ ಒಬ್ಬಳೇ ಕೂತಿದ್ದಳು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅವಳ ಹೆಸರಿನ ಪಕ್ಕ ಬೇರೆ ಯಾರದೋ ಹೆಸರು. ತಪ್ಪು ಓದಿದೆನೇನೋ ಎಂದು ಕಣ್ಣು ಉಜ್ಜಿಕೊಂಡು ಮತ್ತೆ ಓದಿದೆ.

"ಮಮತಾ ಎಲ್ಲಿ ಹೋಗ್ಯಾಳವ್ವ?" ಅಂದೆ.

ಅವಳು ಎದ್ದು ನಿಂತಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು.

"ನಾ ಕೇಳಿದ್ದು ನೀರಲ್ಲ."

"ತಾತಾ, ನೀವು ಒದರಬಾರದು ಮತ್ತ. ಮಗ್ಗಲಿಗೆ ದವಾಖಾನಿ ಐತಿ."

ಆಮೇಲೆ ಹೇಳಿದಳು. ಅಮರಗುಂಡಪ್ಪ ಹೆಂಡತಿ ಕಸ್ತೂರೆಮ್ಮನಿಗೆ ಹೊಸ ಸೀರೆ ಉಡಿಸಿ, ಮನೆಯ ಚಿತ್ರ ನೋಡಲು ಕರೆದುಕೊಂಡು ಬಂದಿದ್ದನಂತೆ. ನೀನು ಹಿಂದಿನ ದಿನದಿಂದ ಯಂತ್ರ ಹಚ್ಚಿಟ್ಟಿದ್ದೆಯಂತೆ, ಎರಡು ಸಲ ಅದು ನಡುವೆಯೇ ಸತ್ತಿತಂತೆ, ನೀನು ಮತ್ತೆ ಮೊದಲಿಂದ ಹಚ್ಚಿದೆಯಂತೆ. ಅವರು ಬಂದಾಗ ಬಾಗಿಲು ಒಂದು ಬಂದಿತ್ತು, ಮೇಲೆ ಮಾಳಿಗೆ ಇಲ್ಲ. ಅವರು ಚಹಾ ಕುಡಿದರು. ಮತ್ತೊಮ್ಮೆ ಚಹಾ ತರಿಸಿದಿರಿ. ಅಮರಗುಂಡಪ್ಪ ಗಡಿಯಾರ ನೋಡಿ, "ಬಾಗಲಾ ಬಂತು, ಮನಿ ಯಾವಾಗ ಬರತೈತವ್ವ?" ಅಂದನಂತೆ. ಕಸ್ತೂರೆಮ್ಮ, "ಬರೇ ಪರದಾದ ಮ್ಯಾಲ ತೋರಿಸಾಕ ಇಷ್ಟು ಹೊತ್ತಾದ್ರ ಮನಿ ಕಟ್ಟಾಕ ನಮ್ಮ ಮೊಮ್ಮಕ್ಕಳ ಕಾಲ ಬರತೈತಿ" ಅಂದಳಂತೆ. ಮರುದಿನ ಕೆಲಸ ಬೇರೆಯವರಿಗೆ ಕೊಟ್ಟರು.

ನೀನು ಲಿಂಗಸುಗೂರಿನ ಅದೇ ಇಂಜಿನಿಯರನ ಹತ್ತಿರ ತಿರುಗಿ ಹೋಗಿದ್ದೀ. ಈ ಯಂತ್ರವನ್ನು ಅರ್ಜಿ ಟೈಪು ಮಾಡಲಿಕ್ಕಾದರೂ ಆಗಲಿ ಎಂದು ಜಯಶ್ರೀಗೇ ಬಿಟ್ಟುಹೋಗಿದ್ದೀ. ಅವಳಿಗೂ ಬೇಡವಾಗಿತ್ತು, ನನ್ನ ಕೈಗೆ ಕೊಟ್ಟಳು.

"ಇದು ಏಳು ನಂಬರಿಂದು" ಅಂದೆ ನಾನು.

"ಏಳು ಖರೇ ತಾತಾ. ಮುಂದಿನ ನಂಬರ ನೋಡ್ರಿ, ನಾಕು. ಬಾಳ ಹಳೇದು. ಒಳಗ ದುಡಿಯೋ ಆಳು ಎರಡ. ಆ ಮೂರರಾಗ ಆರು ಇದ್ದವು. ಇದಕ್ಕ ಹೊಸಾ ವಿಂಡೋಸ್ ಸೈತ ಹತ್ತಂಗಿಲ್ಲ."

ಮಮತಾ, ನಾನು ಸಂತೆಯಲ್ಲಿ ಹಗ್ಗ ಹಿಡಿಯುವ ಮೊದಲು ಟಗರಿನ ಬಾಯಿ ತೆರೆದು ಹಲ್ಲು ನೋಡುತ್ತೇನೆ, ವಯಸ್ಸು ತಿಳಿಯುವುದು ಅಲ್ಲೇ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಎಲ್ಲ ಹಲ್ಲು ಬಂದು ಬಾಯಿ ಗೂಡಿದ್ದೋ. ಕೊಂಬು ಎಷ್ಟೇ ದೊಡ್ಡದಿರಲಿ, ಹಲ್ಲು ಸವೆದ ಟಗರನ್ನು ಯಾರಾದರೂ ಕೊಂಡರೆ ಊರೆಲ್ಲ ಕೇಳುವಂತೆ ನಗುವವನು ನಾನೇ. ಅಂಥವನು ಕೊಂಬು ನೋಡಿ ಕೊಂಡು ಬಂದೆ. ಹಲ್ಲು ಎಲ್ಲಿದೆ ಎಂದು ನೀನು ಬರೆದು ಕಳಿಸಿದ್ದೆ, ಅದನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಆ ದುಕಾನದವನು ಬಾಯಿ ಬಿಟ್ಟು ಹೇಳಿದ. ಒಬ್ಬ ಖರೆ ಹೇಳಿದರೆ ಗುರುತು ಸಿಗದಷ್ಟು ಕೆಟ್ಟಿದ್ದೇನೆ ಈ ದಲಾಲಿಯಲ್ಲಿ.

ಆದರೆ ಅದು ಇರಲಿ. ಯಂತ್ರ ಕೆಟ್ಟದ್ದು ಬಂದರೆ ಬದಲಿಸಬಹುದು. ಹೊರಡುವಾಗ ಜಯಶ್ರೀಗೆ ಕೇಳಿದೆ, ಇಷ್ಟೆಲ್ಲ ಆದರೂ ನನಗೆ ಯಾಕೆ ಹೇಳಲಿಲ್ಲ ಅವಳು ಎಂದು.

"ನೀವು ಬೈತೀರಿ ಅಂತ ತಾತಾ. ಬೈದ್ರ ಬೈಸಿಕೊಂತಿದ್ಲು. ನೀವು ದುಕಾನಕ್ಕ ಹೋಗಿ ಹೊಡೆದಾಡ್ತೀರಿ, ಆಮ್ಯಾಲ ಉಣಂಗಿಲ್ಲ, ಅಜ್ಜಿ ಅಳತಾಳ ಅಂತ ಲೆಕ್ಕಾ ಹಾಕಿ ಸುಮ್ನಾದ್ಲು."

ಬಸ್ಸಿನಲ್ಲಿ ಕೂತು ಬರುವಾಗ ಅದನ್ನೇ ನೆನೆಸಿದೆ. ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ನಿನಗೆ ಒಂದು ಸಂದು ಕೊಡೋಣವೆಂದು, ಖರೆ ಬರೆ ಎಂದು ಕೇಳಿದೆ. ನೀನು ಪಕ್ಕದಲ್ಲೇ ಇದೆ ಎಂದು ಬರೆದೆ. ಆ ಪತ್ರ ನಿಮ್ಮಜ್ಜಿಗೆ ಓದಿ ಹೇಳಲಿಲ್ಲ.

ನಿನಗೆ ಏನು ಬೇಕೆಂದು ಈ ಸಲ ನಾನೇ ತೀರ್ಮಾನಿಸುವುದಿಲ್ಲ. ಒಂದೇ ಕೇಳುತ್ತೇನೆ. ಬೈದು ಬರೆ. ಇಡೀ ಮನೆ ನನಗೆ ಹೆದರಿ ಒಳ್ಳೆಯ ಸುದ್ದಿ ಹೇಳುತ್ತದೆ. ನೀನೊಬ್ಬಳಾದರೂ ಬೈದು ಬರೆ.

ಮೈಲಾರಲಿಂಗಪ್ಪ


ಲಿಂಗಸುಗೂರು
24 ನವೆಂಬರ್ 2024

ತಾತ,

ಬಹಳ ಸಲ ಬರೆದು ಹರಿದು ಹಾಕಿದೆ. ಬೈಯಲು ಹೇಳಿದ್ದೀ, ಬೈಯುತ್ತೇನೆ.

ನಾನು ಓದಿದ್ದು ಇದನ್ನೇ. ನನಗೆ ತಿಳಿದದ್ದು ಇದೊಂದೇ. ಅದರಲ್ಲೂ ನೀನು ನನ್ನ ಮಾತು ಜೇಬಿನಲ್ಲಿಟ್ಟುಕೊಂಡೆ. ಬಸ್ಸಪ್ಪ ಮಾವ ಚೀಲ ಬಿಚ್ಚಿದ ಕೂಡಲೇ ಆ ಹಳೇ ಸ್ಟಿಕರ್ ನೋಡಿದೆ. ಅವನು ಎದುರಿಗೆ ನಿಂತು ನಗುತ್ತಿದ್ದ, "ನಿಮ್ಮ ತಾತ ಹುಲಿ ಹೊಡೆದಂಗ ಹೊಡೆದಾನ ನೋಡವ್ವ ಯಾಪಾರ" ಅಂದ. ನಾನೂ ನಕ್ಕೆ. ಸಣ್ಣ ಗೊಂಬೆಗೆ ಬೆರಳು ಮಾಡುತ್ತಿದ್ದೆ ಎಂದು ಬರೆದೆಯಲ್ಲ. ನನಗೆ ಸಣ್ಣ ಗೊಂಬೆಯೇ ಬೇಕಾಗಿತ್ತು ತಾತ. ಪ್ರತಿ ಸಲವೂ ನೀನು ದೊಡ್ಡದು ತಂದುಕೊಟ್ಟೆ.

ಆ ವಾರದಲ್ಲೇ ಬದಲಿಸಿಕೊಡಲು ಕೇಳಬಹುದಿತ್ತು. ಜಯಶ್ರೀ ಹೇಳಿದಳು, ನಾನೇ ಬೇಡ ಅಂದೆ. ನಮ್ಮ ಮನೆಯಲ್ಲಿ ಕುರಿಮರಿ ಸತ್ತರೂ ನೀನು ಉಂಡೇಳುವ ತನಕ ಯಾರೂ ಹೇಳುವುದಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನಮಗೆಲ್ಲ ಕಣ್ಣಿನಲ್ಲೇ ಸುಮ್ಮನಿರಿ ಅನ್ನುತ್ತಿದ್ದಳು. ಅದನ್ನೇ ನೋಡಿ ಬೆಳೆದೆ. ನೀನು ಊಟ ಮುಗಿಸುವುದನ್ನೇ ಕಾಯುತ್ತಿದ್ದೆ ಅಂತ ತಿಳಿದುಕೊ. ಅಷ್ಟರಲ್ಲಿ ಶ್ರಾವಣ ಬಂತು.

ಪಂಚಮಿಗೆ ಬಂದರೆ ನಿನ್ನ ಮುಖ ನೋಡಿ ಸುಳ್ಳು ಹೇಳಬೇಕಾಗುತ್ತಿತ್ತು. ಕಾಗದದ ಮೇಲೆ ಹೇಳುವುದು ಸುಲಭ.

ನನ್ನದೂ ತಪ್ಪಿದೆ. ಜನರೇಶನ್ ಗಿನರೇಶನ್ ಎಂದು ಕಾಲೇಜಿನ ಭಾಷೆಯಲ್ಲಿ ಪುಟ ತುಂಬಿಸಿದೆ. ಹಲ್ಲು ಅಂತ ಒಂದು ಮಾತು ಬರೆದಿದ್ದರೆ ನೀನು ಆ ದುಕಾನಿನಲ್ಲಿದ್ದ ಎಲ್ಲ ಯಂತ್ರದ ಬಾಯಿ ತೆರೆದು ನೋಡಿ ಬರುತ್ತಿದ್ದೆ. ನಿನ್ನ ಮನೆಯಲ್ಲೇ ಬೆಳೆದೂ ನನಗೆ ಅದು ಹೊಳೆಯಲಿಲ್ಲ.

ಇಲ್ಲಿ ಸಾಹೇಬರು ತಿರುಗಿ ಸೇರಿಸಿಕೊಂಡಿದ್ದಾರೆ. ಏನೂ ಅನ್ನಲಿಲ್ಲ. ನನ್ನ ಕುರ್ಚಿ ಮಾತ್ರ ಈಗ ಬಾಗಿಲ ಹತ್ತಿರ ಇದೆ, ಬಂದವರು ಚಪ್ಪಲಿ ಬಿಡುವ ಕಡೆ. ಹೆಸರಿನ ಮಾತು ನಾನೂ ಎತ್ತುವುದಿಲ್ಲ. ಜಯಶ್ರೀಯ ಖೋಲಿಯಲ್ಲಿ ನನಗೆ ಜಾಗ ಇಲ್ಲ, ಅವಳದೂ ತಪ್ಪಲ್ಲ, ಬಾಡಿಗೆ ಕಟ್ಟಬೇಕಲ್ಲ.

ಇನ್ನೊಂದು ಕೊಡಿಸುತ್ತೇನೆ ಎಂದು ಬರೆಯಬೇಡ. ನಾನೇ ಕೊಳ್ಳುತ್ತೇನೆ. ತಡ ಆಗುತ್ತದೆ, ಆಗಲಿ. ಆ ದಿನ ನೀನು ಬರಬೇಡ ಅನ್ನುವುದಿಲ್ಲ. ಬಂದರೆ ಅಂಗಡಿಯ ಹೊರಗೆ ಕೂತಿರಬೇಕು.

ಆ ಯಂತ್ರ ಕೆಟ್ಟಿಲ್ಲ ತಾತ, ಮುದಿಯಾಗಿದೆ. ಕೆಲಸ ಮಾಡುತ್ತದೆ, ಅದರ ಹೊತ್ತಿಗೆ ಮಾಡುತ್ತದೆ. ಚಿತ್ರ ಬೇಕು ಅಂತ ಕೇಳಿದ್ದೆಯಲ್ಲ. ವೈರು ಚುಚ್ಚಿ ಮುಚ್ಚಳ ತೆಗೆ. ಮೊದಲನೇ ಪರದೆಯ ಮೇಲೆ 'ಮಸ್ಕಿ ಮನೆ' ಎಂದು ಕನ್ನಡದಲ್ಲೇ ಬರೆದಿದ್ದೇನೆ, ಅದನ್ನು ಎರಡು ಸಲ ಒತ್ತು. ಅದು ತೆರೆದ ಮೇಲೆ ಮೇಲುಗಡೆ ಹಸಿರು ಗುಂಡಿ ಇದೆ, ಅದನ್ನು ಒಂದು ಸಲ. ಆಮೇಲೆ ಏನೂ ಮುಟ್ಟಬೇಡ. ಬೈಯಬೇಡ. ಕರೆಂಟು ಹೋಗದಿದ್ದರೆ ಬರುತ್ತದೆ.

ನಿನ್ನ ಮೊಮ್ಮಗಳು
ಮಮತಾ


ಮುಕ್ಕುಂದ
15 ಡಿಸೆಂಬರ್ 2024

ಮಮತಾ,

ಬೈದದ್ದು ಓದಿದೆ. ಗೊಂಬೆಯ ಮಾತು ಮನಸ್ಸಿಗೆ ಬಹಳ ಹತ್ತಿತು. ಹತ್ತಲಿ. ಈ ಸಲ ಪತ್ರವನ್ನು ನಿಮ್ಮಜ್ಜಿಗೆ ಪೂರ್ತಿ ಓದಿದೆ, ಕುರಿಮರಿಯ ಮಾತೂ ಬಿಡಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ. "ಹುಡುಗಿ ಸುಳ್ಳೇನು ಬರೆದಿಲ್ಲ" ಅಂದಳು. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ನನ್ನ ಮೇಲೆ ಅವಳು ಹೇಳಿದ ಮೊದಲನೇ ದೂರು ಇದು. ನಾನು ಉಣ್ಣುವ ಮೊದಲೇ ಹೇಳಿದಳು.

ವಳಕಮದಿನ್ನಿಯ ಗೌಡನಿಗೆ, ನಿನ್ನ ಮಗನನ್ನು ಕರೆದುಕೊಂಡು ನೀನೇ ಹೋಗು, ನನಗೆ ಆ ಮಾಲಿನ ಹಲ್ಲು ನೋಡಲು ಬರುವುದಿಲ್ಲ ಎಂದು ಸಂತೆಯಲ್ಲಿ ಎಲ್ಲರೆದುರು ಹೇಳಿದೆ. ನಕ್ಕರು. ನಗುವವರ ಮುಂದಾಳು ಯಾವಾಗಲೂ ನಾನೇ ಇರುತ್ತಿದ್ದೆ.

ನೀನು ಕೊಳ್ಳುವ ದಿನ ತಿಳಿಸು. ಹೊರಗೆ ಕೂರುತ್ತೇನೆ. ಟವೆಲ್ಲು ಮನೆಯಲ್ಲಿ ಬಿಟ್ಟು ಬರುತ್ತೇನೆ.

ನಿನ್ನೆ ಬೆಳಿಗ್ಗೆ ನೀನು ಬರೆದಂತೆ ಮಾಡಿದೆ. ಹಸಿರು ಗುಂಡಿ ಒತ್ತಿ ಕೈ ಹಿಂದೆ ಕಟ್ಟಿಕೊಂಡು ಕೂತೆ. ಮೊದಲು ಏನೂ ಬರಲಿಲ್ಲ, ಬೈಯಲು ಬಾಯಿ ತುರಿಸಿತು, ಬೈಯಲಿಲ್ಲ. ಅದು ಏದುಸಿರು ಬಿಡುತ್ತಿತ್ತು, ಮುದಿ ಟಗರು ದಿಬ್ಬ ಏರಿದಂತೆ, ಮೈ ಸುಡುತ್ತಿತ್ತು. ನಿಮ್ಮಜ್ಜಿ ಬೀಸಣಿಗೆ ತಂದು ಗಾಳಿ ಹಾಕಿದಳು. ಬೇಡ ಅನ್ನಲಿಲ್ಲ ನಾನು.

ಊಟದ ಹೊತ್ತಿಗೆ ಬಾಗಿಲು ಬಂತು. ಆಮೇಲೆ ಕಟ್ಟೆ, ಎರಡೂ ಕಡೆ ಕೂತು ಮಾತಾಡಲು ಬರುವಂಥದು, ನಮ್ಮ ಮನೆಯ ಕಟ್ಟೆಯಂತೆ. ಆಮೇಲೆ ಕಿಟಕಿ. ಗಂಗಾಳ ಹಿಡಿದುಕೊಂಡು ಅದರ ಮುಂದೆಯೇ ಉಂಡೆವು. ಹಿಂಡು ದೊಡ್ಡಿಗೆ ಬರುವ ಹೊತ್ತಿಗೆ ಮಾಳಿಗೆ ಬಂತು, ಮೇಲೆ ಕಾಳು ಒಣಗಿಸಲು ಜಾಗ, ಸುತ್ತ ಸಣ್ಣ ಗೋಡೆ. ಬಾಗಿಲ ಮೇಲೆ ಬಿಸಿಲು ಬಿದ್ದದ್ದೂ ಕಂಡಿತು, ನೀನು ಬರೆದಿದ್ದ ಹಾಗೇ. ಎಲ್ಲಕ್ಕಿಂತ ಕಡೆಗೆ ಕೆಳಗಿನ ಮೂಲೆಯಲ್ಲಿ ಅಕ್ಷರ ಬಂದವು. ಮಮತಾ, ಮುಕ್ಕುಂದ ಎಂದು. ಊರಿನ ಹೆಸರನ್ನೂ ಹಾಕಿದ್ದೀ.

ಮಸ್ಕಿಯಲ್ಲಿ ಅಮರಗುಂಡಪ್ಪನ ಜಾಗದಲ್ಲಿ ಈಗ ಬೇರೆ ಥರದ ಮನೆ ಮಾಳಿಗೆಯ ತನಕ ಎದ್ದಿದೆ. ಜಯಶ್ರೀ ಗುರುತು ಹೇಳಿದ್ದಳು, ಬಸ್ಸಿನಲ್ಲಿ ಬರುವಾಗ ನೋಡಿದ್ದೆ. ಅದಕ್ಕೆ ಕಟ್ಟೆ ಇಲ್ಲ.

ಇದನ್ನು ನಿಮ್ಮಜ್ಜಿಗೆ ಹೇಳಿಲ್ಲ. ಅವಳು ಬೀಸಣಿಗೆ ಕೆಳಗಿಟ್ಟು ಬಹಳ ಹೊತ್ತು ಚಿತ್ರ ನೋಡಿದಳು. ಕಟ್ಟೆಯ ಮೇಲೆ ಬೆರಳು ಆಡಿಸಿದಳು. ಆಮೇಲೆ ಕೇಳಿದಳು: "ಈ ಮನಿ ಎಲ್ಲೈತಿ? ಹೊತ್ತು ನೋಡಿ ಒಮ್ಮಿ ಹೋಗಿ ಬರೂಣು, ನಮ್ಮ ಹುಡುಗಿ ಬರೆದದ್ದು."

ಏನು ಹೇಳಲಿ, ನೀನೇ ಬರೆ.

ನಿನ್ನ ತಾತ
ಮೈಲಾರಲಿಂಗಪ್ಪ